ಬೋಣಿಯ ಕೈ

ಎರಡನೆಯ ಕಿಮೋ ಮುಗಿಸಿಕೊಂಡು ಬಂದ ಮೇಲೆ ನನ್ನ ಹೆಂಡತಿ ಊಟವನ್ನು ಬಹುತೇಕ ಬಿಟ್ಟಿದ್ದಳು. ತೂಕ ಹೀಗೆಯೇ ಇಳಿದರೆ ಮೂರನೆಯದನ್ನು ಮುಂದೂಡಬೇಕಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಅವಳ ಆರೈಕೆಗೆಂದೇ ಶಾಲೆಯಿಂದ ಸ್ವಯಂನಿವೃತ್ತಿ ಪಡೆದಿದ್ದ ನಾನು ಗಂಜಿ, ಮಾತ್ರೆ, ಎಳನೀರು ಎಲ್ಲಕ್ಕೂ ವೇಳೆ ಗೊತ್ತುಮಾಡಿ, ಆ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಸೋಂಕು ತಗಲೀತೆಂದು ಅವಳು ಅಂಗಳಕ್ಕೆ ಇಳಿಯುವುದನ್ನೂ ತಪ್ಪಿಸಿದ್ದೆ. ಮೀನು ಕೊಳ್ಳುವ ಕೆಲಸ ಹಾಗೆ ನನ್ನ ಪಾಲಿಗೆ ಬಂತು.

ಬಿಜೂರಿನ ನಮ್ಮ ಮನೆಗೆ ಬುಟ್ಟಿ ಹೊತ್ತು ಬರುವ ಹೆಂಗಸು ದಿನದ ಮೊದಲ ವ್ಯಾಪಾರವನ್ನು, ಎಂದರೆ ಬೋಣಿಯನ್ನು, ಹದಿನೈದು ವರ್ಷಗಳಿಂದ ನನ್ನ ಹೆಂಡತಿಯ ಕೈಯಿಂದಲೇ ಮಾಡಿಸುತ್ತಿದ್ದಳಂತೆ. ಆ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದ ನನಗೆ ಅದು ತಿಳಿದಿರಲಿಲ್ಲ. ಒಂದು ವಾರ ನನ್ನನ್ನು ಸಹಿಸಿಕೊಂಡ ಅವಳು ಎಂಟನೆಯ ದಿನ ಬುಟ್ಟಿಯ ಮೇಲಿನ ಬಟ್ಟೆಯನ್ನು ತೆಗೆಯಲೇ ಇಲ್ಲ.

"ಮೇಷ್ಟ್ರೇ, ಬೇಜಾರ್ ಮಾಡ್ಕಣ್ಬೇಡಿ. ನೀವ್ ಬೋಣಿ ಮಾಡ್ರೆ ಮಧ್ಯಾಹ್ನ ಆದ್ರೂ ಬುಟ್ಟಿ ಖಾಲಿ ಆತಿಲ್ಲ. ಅಮ್ಮನ್ನ್ ಕರಿನಿ."

ನಾನು ಉತ್ತರಿಸುವ ಮೊದಲೇ ಒಳಗಿನಿಂದ ಹೆಂಡತಿಯ ದನಿ ಬಂತು: "ಬಂದೆ ಮಾರಾಯ್ತಿ, ಕೂಕೊ."

ಹೆಂಡತಿ ಹೊರಬಂದು ಜಗಲಿಯ ಅಂಚಿನಲ್ಲಿ ಕುಳಿತು, ಒಂದು ತಿಂಗಳಿಂದ ನನ್ನೆದುರು ಒಮ್ಮೆಯೂ ಬಿಚ್ಚದಿದ್ದ ತಲೆವಸ್ತ್ರವನ್ನು ತೆಗೆದಳು.

"ಥೇಟ್ ನಿಮ್ಮಪ್ಪಯ್ಯನ್ ಬೋಳ್ ಮಂಡೆ ಕಾಣಿ," ಎಂದಳು ಬುಟ್ಟಿಯವಳು. ನನ್ನ ಹೆಂಡತಿ ನಕ್ಕಳು. ನಾನು ಬಾಗಿಲ ಹಿಂದೆ ಸರಿದು ನಿಂತೆ.

"ಮುಂದಿನ್ ಸಲ ಆಸ್ಪತ್ರಿಗ್ ಹೋಪುಕೆ ಹೆದ್ರಿಕೆ ಆತ್ತ್. ಅನ್ನ ಕಂಡ್ರೆ ಅದೇ ನೆನ್ಪ್ ಬತ್ತ್," ಎಂದಳು ಹೆಂಡತಿ.

"ಮೇಷ್ಟ್ರಿಗ್ ಹೇಳ್ಲಿಲ್ಯಾ?"

"ಅವ್ರಿಗ್ ಹೇಳ್ರೆ ಅದ್ಕೂ ಒಂದ್ ಟೈಮ್ ಟೇಬಲ್ ಹಾಕ್ತ್ರ್."

"ಹೆದ್ರಿ, ಬ್ಯಾಡ ಅಂಬುದಿಲ್ಲ. ಆರೆ ಉಂಡ್ಕಂಡ್ ಹೆದ್ರಿ."

ನನಗೆ ಹೊಟ್ಟೆಕಿಚ್ಚಾಯಿತು. ವಾಂತಿಯ ಪಾತ್ರೆಯನ್ನು ಹಿಡಿದವನು ನಾನು, ಮರಗಟ್ಟಿದ ಪಾದಗಳನ್ನು ತಿಕ್ಕಿದವನು ನಾನು. ಆ ತಲೆಯನ್ನು ಮೊದಲು ಕಂಡವಳು, ಆ ಭಯವನ್ನು ಮೊದಲು ಕೇಳಿದವಳು ಮಾತ್ರ ಗೇಟಿನ ಆಚೆಯಿಂದ ಬಂದವಳು.

ಹೆಂಡತಿ ತಾನೇ ನಾಲ್ಕು ಬಂಗಡೆಗಳನ್ನು ಆರಿಸಿದಳು. ಸಾರಿಗೆ ಹುಳಿ ಎಷ್ಟು, ಮೆಣಸು ಎಷ್ಟು ಎಂದು ಕುರ್ಚಿಯಲ್ಲಿ ಕುಳಿತು ನನಗೆ ಹೇಳಿಕೊಟ್ಟಳು. ಮಧ್ಯಾಹ್ನ, ಪಟ್ಟಿಯಲ್ಲಿಲ್ಲದ ವೇಳೆಯಲ್ಲಿ, ಎರಡು ಸೌಟು ಗಂಜಿ ಉಂಡಳು. ನನ್ನ ಕಣ್ಣು ತುಂಬಿತು. ಅದರ ಹಿಂದೆಯೇ, ಇದು ನನ್ನಿಂದಾಗಲಿಲ್ಲವಲ್ಲ ಎಂಬ ಕ್ಷುದ್ರ ಲೆಕ್ಕಾಚಾರವೂ ಬಂತು.

ಮರುದಿನ ಬುಟ್ಟಿಯವಳ "ಹ್ವಾಯ್" ಎಂಬ ಕೂಗು ಕೇಳಿದಾಗ ಅಂಗಳದಲ್ಲಿ ನಾನೊಬ್ಬನೇ ಇದ್ದೆ. ಇವತ್ತು ಮೀನು ಬೇಡವೆಂದು ಅವಳನ್ನು ಗೇಟಿನಿಂದಲೇ ಸಾಗಹಾಕಬಹುದಿತ್ತು. ಆ ಮಾತು ಬಾಯಿಯವರೆಗೂ ಬಂದಿತ್ತೆಂಬುದನ್ನು ಮುಚ್ಚಿಡಲಾರೆ. ಒಳಗೆ ಹೋಗಿ ಹೆಂಡತಿಯನ್ನು ಕರೆತಂದೆ. ಬೋಣಿ ಮುಗಿಯಿತು. ನಾನು ಅಲ್ಲಿಯೇ ನಿಂತಿದ್ದೆ.

"ಮೇಷ್ಟ್ರೇ, ನಿಮ್ಗ್ ಒಳ್ಗ್ ಎಂತ ಕೆಲ್ಸ ಇಲ್ಯಾ?" ಎಂದು ಬುಟ್ಟಿಯವಳು ಕೇಳಿದಳು.

ಹೋದೆ. ಬಾಗಿಲನ್ನು ಮಾತ್ರ ಪೂರ್ತಿಯಾಗಿ ಮುಚ್ಚಲಿಲ್ಲ.