ಚಪ್ಪಾಳೆ ಬಿದ್ದ ವಂದನಾರ್ಪಣೆ

ಎರಡು ವರ್ಷದ ಹಿಂದಿನ ಶ್ರಾವಣ. ನಾನು ಗಜೇಂದ್ರಗಡದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಹಲವು ದೇಶಗಳ ಶಿಕ್ಷಣ ನೀತಿಗೆ ಸಲಹೆ ಕೊಡುವ ಸಂಸ್ಥೆಯೊಂದರ ವಿದೇಶಿ ಅತಿಥಿಗಳು ಬಂದಿದ್ದರು. ಆಡಳಿತ ಮಂಡಳಿಯವರು, ಶಿಕ್ಷಕರು ಎದುರುಬದುರು ಕೂತು ಮಾತಾಡಬೇಕು, ಅದನ್ನು ಅತಿಥಿಗಳು ಕೇಳಬೇಕು. ಬ್ಯಾನರಿನ ಮೇಲೆ ‘ಸಂವಾದ’ ಎಂದು ದೊಡ್ಡದಾಗಿ ಬರೆಸಿದ್ದರು.

ನಾವು ಕೇಳಬೇಕಿದ್ದದ್ದು ಒಂದೇ. ಮುಶಿಗೇರಿಯಿಂದ ಬಸ್ಸಿಗೆ ಬರುತ್ತಿದ್ದ ಒಂದನೇ ತರಗತಿಯ ಟೀಚರ್ ಗಿರಿಜಾಗೆ ದಿನ ತುಂಬುತ್ತ ಬಂದಿತ್ತು. ನಮ್ಮಲ್ಲಿ ಹೆರಿಗೆಗೆ ಹೋದವರ ಜಾಗಕ್ಕೆ ಬೇರೆಯವರನ್ನು ತಂದು ಕೂಡಿಸುವುದೇ ರೂಢಿ. ಬಾಣಂತನ ಮುಗಿಸಿ ಬಂದರೆ ಅವಳಿಗೆ ಕೆಲಸ ಇರಬೇಕು, ಅಷ್ಟೇ.

“ಅಕ್ಕಾರ, ನೀವ ಕೇಳ್ರಿ. ನಂಗ ಧೈರ್ಯ ಸಾಲೂದಿಲ್ಲ” ಎಂದಿದ್ದಳು.

ಪ್ರಾರ್ಥನೆ, ಸ್ವಾಗತಗೀತೆ, ಶಾಲು, ಹಾರ, ಮೇಲೆ ಚೇರ್ಮನ್ನರ ಉದ್ದುದ್ದ ಭಾಷಣ. ಊಟದ ಹೊತ್ತೇ ಆಯಿತು. ಹೆಡ್‌ಮಾಸ್ತರು ನನ್ನ ಬಳಿ ಬಗ್ಗಿ, “ಟೈಮ್ ಇಲ್ರಿ ಮೇಡಂ. ನೀವು ವಂದನಾರ್ಪಣಿ ಮಾಡಿಬಿಡ್ರಿ, ಅದ ಶಿಕ್ಷಕರ ಮಾತಾತು” ಎಂದರು. ಮೈಯೆಲ್ಲ ಉರಿಯಿತು.

ಮೈಕಿನ ಮುಂದೆ ನಿಂತು ಎಲ್ಲರಿಗೂ ವಂದಿಸಿ, ಕೊನೆಗೆ ಹೇಳಿಯೇಬಿಟ್ಟೆ: “ಗಿರಿಜಾ ಟೀಚರ್ ಬಾಣಂತನ ಮುಗಿಸಿ ಬರುವವರೆಗೆ ಅವರ ಕೆಲಸ ಉಳಿಸಿದರೆ ನಾವೆಲ್ಲ ಆಡಳಿತ ಮಂಡಳಿಗೆ ಋಣಿಯಾಗಿರುತ್ತೇವೆ.” ಚೇರ್ಮನ್ನರ ಮುಖ ಬಿಗಿಯಿತು. ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದವರು ಹೆಡ್‌ಮಾಸ್ತರೇ. ಶಿಕ್ಷಕರೆಲ್ಲ ಆಡಳಿತ ಮಂಡಳಿಗೆ ಋಣಿ ಅಂತಷ್ಟೇ ಹೇಳಿದರು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಅತಿಥಿಗಳು ಚಪ್ಪಾಳೆ ತಟ್ಟಿದರು, ಚೇರ್ಮನ್ನರೂ ತಟ್ಟಿದರು.

“ಅದಲ್ಲ ಸರ್” ಎನ್ನುವಷ್ಟರಲ್ಲಿ ಹೆಡ್‌ಮಾಸ್ತರು ಮಕ್ಕಳಿಗೆ ಸನ್ನೆ ಮಾಡಿ ರಾಷ್ಟ್ರಗೀತೆ ಶುರುಮಾಡಿಸಿದರು. ಸೆಟೆದು ನಿಂತೆ, ಇನ್ನೇನು ಮಾಡಲಿ? ಮುಗಿದೊಡನೆ ಅತಿಥಿಗಳು ಊಟಕ್ಕೆ ಕೂತರು, ಮಗ್ಗುಲಲ್ಲೇ ಚೇರ್ಮನ್ನರು. ನಮ್ಮ ಪಾಲಿಗೆ ರೊಟ್ಟಿ ಬಡಿಸುವ ಕೆಲಸ.

ಹಿಂದಿನ ಸಾಲಿನಲ್ಲಿದ್ದ ಗಿರಿಜಾಗೆ ಆ ಇಂಗ್ಲಿಷ್ ಕೇಳಿಸಿರಲಿಲ್ಲ. ತುಂಬು ಬಸುರಿ, ಲಗುಬಗೆಯಿಂದ ಬಂದು ನನ್ನ ಕೈ ಹಿಡಿದಳು. “ಚೇರ್ಮನ್ನರೂ ಚಪ್ಪಾಳಿ ಹೊಡದ್ರಲ್ರಿ ಅಕ್ಕಾರ! ಒಪ್ಪಿದಂಗ ಆತಲ್ಲ?” ಅವಳ ಕಣ್ಣು ತುಂಬಿತ್ತು. ಖರೇ ಸಂಗತಿ ಹೇಳಿದೆ. ನಕ್ಕುಬಿಟ್ಟಳು. “ಕನ್ನಡದಾಗ ಚೇರ್ಮನ್ನರಿಗೆ ತಿಳೀತಲ್ರಿ, ಸಾಕು” ಎಂದಳು.

ಬಾಣಂತನ ಮುಗಿಸಿ ಅವಳು ಮರಳಿ ಬಂದ ದಿನ, ಅವಳ ತರಗತಿಯಲ್ಲಿ ಬೇರೊಬ್ಬ ಹುಡುಗಿ ಹಾಜರಿ ಕರೆಯುತ್ತಿದ್ದಳು. ಗಿರಿಜಾ ಬಾಗಿಲಲ್ಲೇ ನಿಂತು ನನ್ನತ್ತ ನೋಡಿದಳು.

“ಅವತ್ತು ಚಪ್ಪಾಳಿ ಹೊಡದಿದ್ರಲ್ರಿ, ಅಕ್ಕಾರ.”

ಈಗಲೂ ಯಾವ ಸಭೆಯಲ್ಲಾದರೂ ಚಪ್ಪಾಳೆ ಬಿದ್ದರೆ ನನ್ನ ಕೈ ಮೇಲೇಳುವುದಿಲ್ಲ.