ಸುಲ್ತಾನನ ಪಾಲಾದ ಕೈ

ನಮ್ಮ ಕೆನಾ ಊರಿನಲ್ಲಿ ಇನ್ಸಾಫಳ ಬಲಗೈ ಬಗ್ಗೆ ಮಾತಾಡದವರೇ ಇಲ್ಲ. ಅವಳನ್ನು ಕೂರಿಸಿಕೊಂಡು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ನಾನು ಪಕ್ಕದ ಮನೆಯವಳು. ಹಿಟ್ಟನ್ನು ಬಿಸಿಲಿಗಿಟ್ಟು ಉಬ್ಬಿಸಿ, ರೊಟ್ಟಿ ಸುಡುತ್ತಾ, ಒಂದೇ ಮಾಳಿಗೆಯ ಮೇಲೆ ಒಟ್ಟಿಗೆ ಬೆಂದವರು ನಾವು.

ಅವಳ ಗಂಡ ಅಬ್ದುಲ್ ಮೌಜೂದ್ ಮಗಳು ಸನಿಯಾಳನ್ನು ತನ್ನಣ್ಣನ ಮಗನಿಗೆ ಕೊಡುವುದೆಂದು ಫಾತಿಹಾ ಓದಿಸಿ ನಿಶ್ಚಯ ಮಾಡಿಬಿಟ್ಟ. ಹುಡುಗಿಗೆ ಇನ್ನೂ ಹದಿನಾರು. ಆ ಅಣ್ಣನ ಮಗನೆಂಬ ಪುಣ್ಯಾತ್ಮ ಮೊದಲ ಹೆಂಡತಿಯ ಹಲ್ಲುದುರಿಸಿ ತವರಿಗೆ ಅಟ್ಟಿದವನು. ಇನ್ಸಾಫ್ ಅತ್ತಳು, ಕಾಲು ಹಿಡಿದಳು. ಗಂಡ ಹುಕ್ಕಾ ಸೇದುತ್ತಾ ಕೂತಿದ್ದ. ಮರುದಿನ ಹಿಟ್ಟು ನಾದುವಾಗ ಅವಳ ಬಲಗೈ ಜೋತುಬಿತ್ತು.

ಡಾಕ್ಟರು ತಟ್ಟಿ, ಚುಚ್ಚಿ ನೋಡಿದರು. "ನರ, ಮೂಳೆ ಎಲ್ಲಾ ನೆಟ್ಟಗಿದೆ. ಮೈಯಲ್ಲೇನೂ ಇಲ್ಲ, ಇದು ಮನಸ್ಸಿನ ಕಾಯಿಲೆ."

"ಮನಸ್ಸು ಕೆಟ್ರೆ ಕೈ ಯಾಕ್ರೀ ಜೋಲುತ್ತೆ?" ಅಂದ ಗಂಡ. "ನಾಲಿಗೆ ಮಾತ್ರ ಚೆನ್ನಾಗೇ ಆಡ್ತಿದೆ. ಬರೀ ನಾಟಕ!"

ಜಾರ್ ಕುಣಿತ ನಡೆಸಿ ದೆವ್ವಗಳನ್ನು ಮಾತಾಡಿಸುವ ಬಖೀತಾ ಬಂದಳು. "ಮೈಯೂ ಅಲ್ಲ, ಮನಸ್ಸೂ ಅಲ್ಲ. ಒಳಗೆ ಯಾರೋ ಬಂದು ಕೂತವ್ನೆ. ಅವನಿಗೇನು ಬೇಕೋ ಕೇಳಿ ಕೊಟ್ಬಿಡಿ." ಹೀಗೆ ಮೂವರೂ ಸೇರಿ ಅವಳನ್ನು ಹಂಚಿಕೊಂಡರು.

ಧೂಪ ಹಾಕಿ, ದಫ್ ಬಾರಿಸಿ, ಇನ್ಸಾಫಳ ತಲೆಗೆ ಕೆಂಪು ಬಟ್ಟೆ ಹೊದಿಸಿದರು. "ಯಾರಪ್ಪಾ ನೀನು? ಏನು ಬೇಕು ನಿಂಗೆ?" ಬಖೀತಾ ಕೇಳಿದಳು.

"ನಾನು ಇನ್ಸಾಫ್. ನನ್ನ ಮಗಳನ್ನ ಅವನಿಗೆ ಕೊಡಬೇಡಿ."

ಬಖೀತಾ ನಕ್ಕಳು. "ಕಳ್ಳಾ! ಅವಳ ಹೆಸರು ಹೇಳಿ ತಪ್ಪಿಸ್ಕೊಳ್ತೀಯಾ? ಬಾರಿಸ್ರೇ, ಜೋರಾಗಿ!"

ಮತ್ತೆ ಕೇಳಿದಾಗಲೂ ಇನ್ಸಾಫ್ ತನ್ನ ಹೆಸರನ್ನೇ ಹೇಳಿದಳು. ಮತ್ತೆ ಬಾರಿಸಿದರು. ಆಮೇಲೆ ಅವಳು ಬಟ್ಟೆ ಸರಿಸಿ ನನ್ನತ್ತ ನೋಡಿದಳು. ಆ ಕಣ್ಣಲ್ಲಿ ಯಾವ ದೆವ್ವವೂ ಇರಲಿಲ್ಲ, ದೇವರಾಣೆ. ದನಿ ದಪ್ಪ ಮಾಡಿಕೊಂಡು ಗುಡುಗಿದಳು: "ನಾನು ಕೆಂಪು ಸುಲ್ತಾನ! ಈ ಕೈ ನನ್ನ ಗದ್ದುಗೆ. ಹುಡುಗಿ ತಾನಾಗಿ ಒಪ್ಪದೆ ಮದುವೆ ಮಾಡಿದ್ರೆ ಈ ಮನೆ ಗಂಡಸಿನ ಮೈಗೇ ಇಳೀತೀನಿ!"

ಹೆಂಡತಿಯ ಮಾತಿಗೆ ಎಂದೂ ಕಿವಿಗೊಡದ ಗಂಡ ಗಡಗಡ ನಡುಗಿದ. "ಆಗ್ಲಿ ಒಡೆಯಾ, ಆಗ್ಲಿ!" ನನಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಸಂಬಂಧ ಮುರಿಯಿತು.

ಸ್ವಲ್ಪ ದಿನದ ಮೇಲೆ ಮಾಳಿಗೆ ಹತ್ತಿದರೆ, ಇನ್ಸಾಫ್ ಎರಡೂ ಕೈಯಲ್ಲಿ ಬಟ್ಟೆ ಹಿಂಡುತ್ತಿದ್ದಾಳೆ! "ಅಯ್ಯೋ, ಕೈ ಬಂತಲ್ಲೇ!" ಅಂದೆ.

"ಬಾಯ್ಮುಚ್ಚೇ! ಕೈ ಬಂದ್ರೆ ಸುಲ್ತಾನ ಹೋದ ಅಂತಾರೆ. ಅವನು ಹೋದ್ರೆ ನನ್ನ ಮಾತು ಯಾರು ಕೇಳ್ತಾರೆ?"

ಅಂದಿನಿಂದ ಆ ಕೈಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಯೇ ಇಟ್ಟಳು. ನಿದ್ದೆಗಣ್ಣಲ್ಲಿ ಎಲ್ಲಿ ಎತ್ತಿಬಿಡುವೆನೋ ಎಂದು ಮಲಗುವಾಗಲೂ ಬಿಚ್ಚಲಿಲ್ಲ. ವರ್ಷಗಳು ಕಳೆದವು. ಸನಿಯಾ ಓದಿ ಟೀಚರಾದಳು, ಮೆಚ್ಚಿದವನನ್ನು ತಾನೇ ಒಪ್ಪಿ ಮದುವೆಯಾದಳು.

ಮದುವೆಯ ಮರುದಿನ ಇನ್ಸಾಫ್ ನನ್ನನ್ನು ಕೂಗಿದಳು. "ಬಾರೇ, ಇನ್ನು ಯಾರ ಹಂಗೂ ಇಲ್ಲ. ಇವತ್ತು ಎರಡೂ ಕೈಯಲ್ಲಿ ನಾದ್ತೀನಿ." ಬಟ್ಟೆ ಬಿಚ್ಚಿದಳು. ಕೈ ಏಳಲಿಲ್ಲ. ಬೈದಳು, ಎಡಗೈಯಿಂದ ಹೊಡೆದಳು, ಒಲೆಯ ಹತ್ತಿರ ಹಿಡಿದಳು. ಅದಕ್ಕೆ ಬಿಸಿಯೂ ತಟ್ಟಲಿಲ್ಲ.

ಅದೇ ಡಾಕ್ಟರು ನೋಡಿ ತಲೆಯಾಡಿಸಿದರು. "ವರ್ಷಗಟ್ಟಲೆ ಕಟ್ಟಿಟ್ಟು ನರ ಸತ್ತಿದೆ. ಈಗ ಕಾಯಿಲೆ ಮೈಯಲ್ಲೇ ಇದೆ." ಏನೋ ಗೆದ್ದವರಂತೆ ಹೇಳಿದರು. ನಾನು ಆ ಮನುಷ್ಯನ ಗಡ್ಡ ಕೀಳದೆ ಬಂದಿದ್ದೇ ಹೆಚ್ಚು.

ಸುದ್ದಿ ಕೇಳಿ ಸನಿಯಾ ಓಡಿಬಂದಳು. ಕೈಯಲ್ಲಿ ಸುಲ್ತಾನನಿಗೆಂದು ಧೂಪ. "ಅಮ್ಮಾ, ಅಪ್ಪನೆದುರು ನಿಂಗೆ ಉಸಿರೆತ್ತೋಕೂ ಆಗ್ತಿರ್ಲಿಲ್ಲ. ಅವತ್ತು ನನ್ನ ಉಳಿಸಿದ್ದು ಸುಲ್ತಾನರೇ."

ಇನ್ಸಾಫ್ ತಡೆಯಲಾರದೆ ಗುಡುಗಿಯೇಬಿಟ್ಟಳು: "ಸುಲ್ತಾನನೂ ಇಲ್ಲ, ಗಿಲ್ತಾನನೂ ಇಲ್ಲ. ಅದು ನಾನೇ ಕಣೇ! ನಿನ್ನಮ್ಮ!"

ಓದಿದ ಹುಡುಗಿ ಸನಿಯಾ. ಆ ಗುಡುಗು ದನಿ ಕೇಳಿದ್ದೇ ತಡ, ಸುಲ್ತಾನನೇ ಮಾತಾಡಿದನೆಂದುಕೊಂಡು ತಲೆಯ ಮೇಲೆ ಸೆರಗೆಳೆದುಕೊಂಡು ಮಂಡಿಯೂರಿದಳು. "ಅಪ್ಪಣೆ ಒಡೆಯಾ, ತಾವು ಹೇಳಿದ ಹಾಗೇ" ಎಂದು ಆ ಕೈಯನ್ನು ಎತ್ತಿ ಮುತ್ತಿಟ್ಟಳು. ಇನ್ಸಾಫಳಿಗೆ ಮಗಳ ತುಟಿ ತಾಗಿದ್ದೂ ತಿಳಿಯಲಿಲ್ಲ.