ಎರಡೂ ಕಡೆ ಬಿಜಾಗರಿ

೨೦೧೯ನೆಯ ಇಸವಿ ಸೆಪ್ಟೆಂಬರ್ ೧೧, ಬುಧವಾರ. ಗೇಮ್ ತಯಾರಿಸುವ ಸ್ಟುಡಿಯೋದವರು, ಕಲಾವಿದೆಯ ಕೆಲಸಕ್ಕೆಂದು ಅವಳು ಕಳುಹಿಸಿದ್ದ ಚಿತ್ರಸಂಪುಟವನ್ನು ಎರಡನೆಯ ಬಾರಿ ನಿರಾಕರಿಸಿದರು. ಮೂರನೆಯ ಬಾರಿಯೂ ಹೀಗೆಯೇ ಆದರೆ, ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದ ಜೆರಾಕ್ಸ್ ಅಂಗಡಿಯಲ್ಲಿಯೇ ಉಳಿದುಬಿಡುವುದೆಂದು ಅವಳು ನಿಶ್ಚಯಿಸಿದ್ದಳು.

ತಂದೆ ಬಡಗಿ. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ ಮೇಲೆ ಮಾತೂ ಕಡಿಮೆಯಾಗಿತ್ತು. ಅಂದು ಅವರು ಮಗಳ ಹಿಂದೆ ನಿಂತು, ಕಂಪ್ಯೂಟರ್ ಪರದೆಯ ಮೇಲೆ ಅವಳು ಬರೆದಿದ್ದ ಕೋಟೆಯ ಕಿರುಬಾಗಿಲನ್ನು ಬಹಳ ಹೊತ್ತು ನೋಡಿದರು.

“ಇದು ಯಾವ ಕಡೆಗೆ ತೆಗೆಯುತ್ತೆ ಮಗಳೇ?”

“ಅಯ್ಯೋ ಅಪ್ಪಾ, ಅದು ಚಿತ್ರ. ತೆಗೆಯೋ ಮಾತೆಲ್ಲಿ ಬಂತು?”

“ಇರೋದು ಒಂದೇ ಹಲಗೆ. ಎರಡೂ ಕಡೆ ಬಿಜಾಗರಿ ಹೊಡೆದಿದ್ದೀಯಲ್ಲೇ, ತಿರುಗೋದು ಹೇಗೆ? ಇದು ಬಾಗಿಲಲ್ಲ ಕಣೇ, ಗೋಡೆ.”

ಅವಳು ಉಳಿದ ಚಿತ್ರಗಳನ್ನೂ ಒಂದೊಂದಾಗಿ ತೆರೆದು ನೋಡಿದಳು. ಬೇಗ ಮುಗಿಯಲೆಂದು ಅರ್ಧವನ್ನಷ್ಟೇ ಬರೆದು, ಉಳಿದರ್ಧವನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದಂತೆ ಮಗುಚಿ ಅಂಟಿಸಿದ್ದಳು. ಇಪ್ಪತ್ತಮೂರು ಚಿತ್ರಗಳಲ್ಲಿ ಹದಿನಾಲ್ಕು ಅದೇ ಬಗೆಯವು. ಹದಿನಾಲ್ಕನ್ನೂ ತೆಗೆದುಹಾಕಿದಳು.

ಮುಂದಿನ ಹತ್ತೊಂಬತ್ತು ದಿನ, ಬಾಗಿಲು ಎಲ್ಲಿ ತಿರುಗುತ್ತದೆ, ಎಲ್ಲಿ ಸವೆಯುತ್ತದೆ ಎಂದು ತಂದೆ ಎಡಗೈ ಬೆರಳಿಟ್ಟು ತೋರಿಸುತ್ತ ಹೋದರು; ಅವಳು ಒಂದೇ ಒಂದು ಬಾಗಿಲನ್ನು ಬರೆದಳು. ಸೆಪ್ಟೆಂಬರ್ ೩೦ರಂದು ಸಂಪುಟವನ್ನು ಮತ್ತೆ ಕಳುಹಿಸಿದಳು.

ಅಕ್ಟೋಬರ್ ೨೨, ಮಂಗಳವಾರದ ಸಂದರ್ಶನಕ್ಕೆ ಕರೆ ಬಂದಿತು. ಅಂದು ಸ್ಟುಡಿಯೋದ ಹಿರಿಯ ಕಲಾವಿದೆ ಆ ಬಾಗಿಲನ್ನು ದೊಡ್ಡದು ಮಾಡಿ ನೋಡಿದರು.

“ಬುಡ ಯಾಕಮ್ಮ ಇಷ್ಟು ಸವೆದಿದೆ?”

“ಎರಡೂ ಕೈಯಲ್ಲಿ ಸಾಮಾನು ಹೊತ್ತವರು ಬಾಗಿಲನ್ನ ಕಾಲಲ್ಲೇ ನೂಕ್ತಾರೆ ಮೇಡಂ.”

“ಯಾರು ಹೇಳಿಕೊಟ್ಟಿದ್ದು?”

“ನಮ್ಮಪ್ಪ.”

ಆಕೆ, “ನವೆಂಬರ್ ನಾಲ್ಕು, ಸೋಮವಾರದಿಂದ ಕೆಲಸಕ್ಕೆ ಬಂದುಬಿಡಿ” ಎಂದರು. ಹೊರಗೆ ಬಂದವಳೇ ಅವಳು ಅಪ್ಪನಿಗೆ ಫೋನ್ ಮಾಡಿದಳು.